ಕೋಡಿಂಗ್ ಬಾರದ ಬಿಸಿನೆಸ್ ಅನಲಿಸ್ಟ್: ಎಂಬಿಎ ಮುಗಿಸಿದವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಧಾರವಾಡದಲ್ಲಿ ಬಿ.ಕಾಂ, ಹುಬ್ಬಳ್ಳಿಯಲ್ಲಿ ಎಂಬಿಎ ಓದಿದವಳು. ಹದಿನಾರು ವರ್ಷದಿಂದ ಐಟಿಯಲ್ಲಿ ಬಿಸಿನೆಸ್ ಅನಲಿಸ್ಟ್ ಆಗಿ ಕೆಲಸ ಮಾಡುತ್ತಿದ್ದೇನೆ. ಹನ್ನೊಂದು ವರ್ಷ ಬೆಂಗಳೂರಿನಲ್ಲಿದ್ದೆ, ಆಮೇಲೆ ಹುಬ್ಬಳ್ಳಿಯ ಮನೆಯಿಂದಲೇ. ಇಲ್ಲಿಯ ಕಾಲೇಜುಗಳಿಗೆ ಮಾತಾಡಲು ಹೋದಾಗ, ಮದುವೆ ಮನೆಯ ಪಂಕ್ತಿಯಲ್ಲಿ ಕೂತಾಗ, ಚಿಗರಿ ಬಸ್ಸಿನಲ್ಲಿ ಪಕ್ಕದ ಸೀಟಿನವರು ಮಾತಿಗಿಳಿದಾಗ ಹೆಚ್ಚುಕಡಿಮೆ ಇವೇ ಪ್ರಶ್ನೆ ಬರುತ್ತವೆ. ಪತ್ರಗಳಲ್ಲೂ ಇವೇ. ಕೇಳಿದವರ ಮಾತು ಅವರದೇ ಬಾಯಲ್ಲಿ ಇರಲಿ ಅಂತ ಹಾಗೇ ಇಟ್ಟಿದ್ದೇನೆ. ಐಟಿಯಲ್ಲಿ ಈ ಕೆಲಸದವರನ್ನು ಬಿಎ ಅಂತಲೇ ಕರೆಯುತ್ತಾರೆ. ಮನೆಯ ಹಿರಿಯರು ಅದನ್ನು ಡಿಗ್ರಿ ಅಂದುಕೊಳ್ಳುತ್ತಾರೆ, ಅವರಿಗೆ ಒಮ್ಮೆ ಬಿಡಿಸಿ ಹೇಳಿಬಿಡಿ.

## ಶುರು ಮಾಡುವವರಿಗೆ

ಅಕ್ಕಾರ, ಬಿಸಿನೆಸ್ ಅನಲಿಸ್ಟ್ ಅಂದ್ರ ದಿನಾ ಏನ್ ಕೆಲಸ ಮಾಡ್ತಾರ? ಮನ್ಯಾಗ ಹೇಳಾಕ ಬರವಲ್ದು.

ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ಉದಾಹರಣೆ ಕೊಡಿ, ಮನೆಯಲ್ಲಿ ಎಲ್ಲರಿಗೂ ತಿಳಿಯುತ್ತದೆ. ರೈತ ಚೀಲ ತರುತ್ತಾನೆ. ಗೇಟಿನಲ್ಲಿ ಆವಕ ಬರೆದುಕೊಳ್ಳುತ್ತಾರೆ. ದಲಾಲಿ ಅಂಗಡಿ ಮುಂದೆ ಚೀಲ ಇಳಿಯುತ್ತದೆ, ಲಾಟಿಗೆ ನಂಬರ್ ಬೀಳುತ್ತದೆ. ಖರೀದಿದಾರರು ಬಂದು ಕಾಯಿ ಮುರಿದು ನೋಡುತ್ತಾರೆ. ಬಣ್ಣ, ತೇವ ನೋಡಿ ಇ-ಟೆಂಡರಿನಲ್ಲಿ ದರ ಹಾಕುತ್ತಾರೆ. ಜಾಸ್ತಿ ದರ ಹಾಕಿದವರಿಗೆ ಲಾಟ್. ಆಮೇಲೆ ತೂಕ, ಬಿಲ್ಲು, ರೈತನ ಕೈಗೆ ದುಡ್ಡು.

ಇದನ್ನೆಲ್ಲ ಕಂಪ್ಯೂಟರಿನಲ್ಲಿ ಕೂರಿಸಬೇಕು ಅಂದುಕೊಳ್ಳಿ. ಪ್ರೋಗ್ರಾಂ ಬರೆಯುವ ಹುಡುಗ ಪುಣೆಯಲ್ಲೋ ಬೆಂಗಳೂರಿನಲ್ಲೋ ಕೂತಿರುತ್ತಾನೆ, ಅವನು ಮಾರುಕಟ್ಟೆ ನೋಡಿಲ್ಲ. ದಲಾಲರಿಗೆ ಪ್ರೋಗ್ರಾಂ ಗೊತ್ತಿಲ್ಲ. ನಡುವೆ ನಿಂತು ಕೇಳುವವರೇ ಬಿಎ. ಒಂದೇ ಲಾಟಿಗೆ ಇಬ್ಬರು ಒಂದೇ ದರ ಹಾಕಿದರೆ ಮಾಲು ಯಾರಿಗೆ? ದರ ರೈತನಿಗೆ ಒಪ್ಪಿಗೆಯಾಗದಿದ್ದರೆ ಏನು? ತೂಕದ ಹೊತ್ತಿಗೆ ಒಂದು ಚೀಲ ಕಡಿಮೆ ಬಂದರೆ ಬಿಲ್ಲು ಯಾರು ತಿದ್ದಬೇಕು? ಟೆಂಡರ್ ಮುಗಿಯುವ ಹತ್ತು ನಿಮಿಷ ಮುಂಚೆ ಕರೆಂಟ್ ಹೋದರೆ? ಈ ಪ್ರಶ್ನೆಗಳನ್ನು ಹುಡುಕುವುದು, ಉತ್ತರ ಕೊಡಬಲ್ಲವರನ್ನು ಹುಡುಕುವುದು, ಸಿಕ್ಕ ಉತ್ತರವನ್ನು ಇಬ್ಬರಿಗೂ ಒಂದೇ ಅರ್ಥ ಬರುವ ಹಾಗೆ ಬರೆಯುವುದು, ಕೊನೆಗೆ ಕಟ್ಟಿದ್ದು ಸರಿ ಇದೆಯಾ ಅಂತ ಬಳಸುವವರ ಜೊತೆ ಕೂತು ನೋಡುವುದು. ಬಿಎ ಕೆಲಸ ಇಷ್ಟು. ಬಿಆರ್‌ಡಿ (ಏನೇನು ಬೇಕು ಅಂತ ಬರೆದ ದಾಖಲೆ), ಯೂಸರ್ ಸ್ಟೋರಿ (ಬಳಸುವವರಿಗೆ ಏನು ಬೇಕು, ಯಾಕೆ ಅನ್ನುವ ಸಣ್ಣ ಬರಹ), ಪ್ರೋಸೆಸ್ ಫ್ಲೋ (ಕೆಲಸ ಸಾಗುವ ಕ್ರಮದ ಚಿತ್ರ), ಯುಎಟಿ (ಬಳಸುವವರೇ ಪರೀಕ್ಷಿಸಿ ನೋಡುವುದು) ಅಂತ ಕೇಳುತ್ತೀರಲ್ಲ, ಅವೆಲ್ಲ ಇದೇ ಕೆಲಸದ ಬೇರೆ ಬೇರೆ ರೂಪಗಳು.

ಬಿ.ಕಾಂ ಆದಮ್ಯಾಲೆ ಎಂಬಿಎ ಮಾಡೇನಿ. ಕೋಡಿಂಗ್ ಒಂದಕ್ಷರ ಬರಂಗಿಲ್ಲ. ನನ್ನ ತಗೋತಾರೇನ್ರೀ?

ತಗೋತಾರೆ. ನನ್ನನ್ನೂ ಹಾಗೆಯೇ ತಗೊಂಡರು. ಕೋಡ್ ಬರೆಯುವುದು ಬಿಎ ಕೆಲಸದ ಷರತ್ತು ಅಲ್ಲ. ಆದರೆ "ಕೋಡಿಂಗ್ ಬರಲ್ಲ" ಅನ್ನೋದು ಬೇರೆ, "ಕಂಪ್ಯೂಟರ್ ವಿಷಯ ನನಗೆ ಬೇಡ" ಅನ್ನೋದು ಬೇರೆ. ಎರಡನೆಯದನ್ನು ಇಂಟರ್‌ವ್ಯೂ ಮಾಡುವವರು ಐದು ನಿಮಿಷದಲ್ಲಿ ಹಿಡಿಯುತ್ತಾರೆ.

ನಿಮ್ಮ ಬಿ.ಕಾಂ ಅನ್ನು ನೀವೇ ಕಡಿಮೆ ಮಾಡಿ ನೋಡಬೇಡಿ. 2025ರ ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ದರ ಬದಲಾಯಿತಲ್ಲ, 12 ಮತ್ತು 28ರ ಸ್ಲ್ಯಾಬಿನಲ್ಲಿದ್ದ ಹೆಚ್ಚಿನ ವಸ್ತುಗಳು 5ಕ್ಕೋ 18ಕ್ಕೋ ಬಂದವು. ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವವರಿಗೆ ದರ ಬದಲಿಸುವುದು ದೊಡ್ಡ ವಿಷಯವೇ ಅಲ್ಲ. ತಲೆನೋವು ಇರುವುದು ಇಂಥ ಕಡೆ: 20ನೇ ತಾರೀಖು ಮಾರಿದ ಮಾಲು 25ಕ್ಕೆ ವಾಪಸ್ ಬಂತು, ಯಾವ ದರ? ಕ್ರೆಡಿಟ್ ನೋಟ್ ಹಳೆಯ ಬಿಲ್ಲಿಗೆ ಅಂಟಿಕೊಂಡದ್ದು, ಹಾಗಾಗಿ ಹಳೆಯ ದರ. ಇದು ಬಿ.ಕಾಂ ಓದಿದವರಿಗೆ ಸಹಜವಾಗಿ ಹೊಳೆಯುತ್ತದೆ. ಹತ್ತು ಭಾಷೆಯಲ್ಲಿ ಕೋಡ್ ಬರೆಯಬಲ್ಲವರಿಗೂ ಹೊಳೆಯದೇ ಇರಬಹುದು.

ಬಿಸಿನೆಸ್ ಅನಲಿಸ್ಟ್, ಡೇಟಾ ಅನಲಿಸ್ಟ್ ಎರಡೂ ಒಂದೇನಾ?

ಅಲ್ಲ. ಡೇಟಾ ಅನಲಿಸ್ಟ್ ಈಗಾಗಲೇ ಇರುವ ಅಂಕಿಯಿಂದ ಏನಾಗಿದೆ ಅಂತ ಹೇಳುತ್ತಾರೆ. ಬಿಎ ಏನು ಕಟ್ಟಬೇಕು, ಏನು ಬದಲಿಸಬೇಕು ಅಂತ ಹೇಳುತ್ತಾರೆ. ಕೆಲವು ಕಂಪನಿಗಳು ಎರಡನ್ನೂ ಒಂದೇ ಹೆಸರಿನಲ್ಲಿ ಕರೆಯುತ್ತವೆ. ಹಾಗಾಗಿ ಜಾಹೀರಾತಿನಲ್ಲಿ ಹುದ್ದೆಯ ಹೆಸರು ನೋಡಬೇಡಿ, ಕೆಳಗೆ ಬರೆದಿರುವ ಕೆಲಸ ಓದಿ.

ನಾನು ಹತ್ತನೇತ್ತಾವರೆಗೂ ಕನ್ನಡ ಮೀಡಿಯಂ. ಕ್ಲೈಂಟ್ ಮುಂದ ಇಂಗ್ಲಿಷ್‌ನ್ಯಾಗ ಮಾತಾಡಾಕ ಅಂಜಿಕಿ ಬರ್ತೈತಿ.

ನಾನೂ ಕನ್ನಡ ಮೀಡಿಯಂ. ಮೊದಲ ಆರು ತಿಂಗಳು ಕಾಲ್‌ನಲ್ಲಿ ಬಾಯಿ ಬಿಡುತ್ತಿರಲಿಲ್ಲ. ಆಮೇಲೆ ಒಂದು ದಾರಿ ಕಂಡುಕೊಂಡೆ. ಕಾಲ್ ಮುಗಿದ ಅರ್ಧ ಗಂಟೆಯೊಳಗೆ "ಇವತ್ತು ನಾವು ಒಪ್ಪಿದ್ದು ಇಷ್ಟು, ಉಳಿದ ಪ್ರಶ್ನೆ ಇಷ್ಟು" ಅಂತ ಸಣ್ಣ ವಾಕ್ಯಗಳಲ್ಲಿ ಮೇಲ್ ಕಳಿಸಲು ಶುರು ಮಾಡಿದೆ. ಎರಡು ತಿಂಗಳಲ್ಲಿ ಕ್ಲೈಂಟ್ ಕಡೆಯವರು ನನ್ನ ಮೇಲ್‌ಗೆ ಕಾಯತೊಡಗಿದರು. ಬರೆದ ಮಾತು ಗಟ್ಟಿಯಾದ ಮೇಲೆ ಆಡುವ ಮಾತು ತಾನಾಗಿ ಬಂತು.

ಬಿಎಗೆ ಬೇಕಾದ್ದು ಅಲಂಕಾರದ ಇಂಗ್ಲಿಷ್ ಅಲ್ಲ, ಎರಡರ್ಥ ಬಾರದ ಇಂಗ್ಲಿಷ್. "ನನಗೆ ಅರ್ಥವಾಗಲಿಲ್ಲ, ಒಂದು ಉದಾಹರಣೆ ಕೊಡಿ" ಅನ್ನುವ ವಾಕ್ಯವನ್ನು ಅಂಜದೆ ಹೇಳಲು ಕಲಿತರೆ ಅರ್ಧ ಕೆಲಸ ಆದಂತೆ. ಸುಮ್ನೆ ತಲೆ ಅಲ್ಲಾಡಿಸಿ ಬರುವವರಿಂದಲೇ ಪ್ರಾಜೆಕ್ಟ್ ಹಾಳಾಗುವುದು.

ಕ್ಯಾಂಪಸ್‌ನಲ್ಲಿ ಬಿಎ ಕೆಲಸ ಸಿಗಲಿಲ್ಲ. ಸಪೋರ್ಟ್ ಕೆಲಸ ಸಿಕ್ಕಿದೆ. ಸೇರಲಾ, ಕಾಯಲಾ?

ಸೇರಿ. ಎಂಬಿಎ ಮುಗಿದ ಕೂಡಲೇ ಬಿಎ ಅಂತ ತಗೊಳ್ಳುವ ಕಂಪನಿಗಳಿವೆ, ಆದರೆ ಹೆಚ್ಚಿನವರು ಬರುವುದು ಪಕ್ಕದ ಬಾಗಿಲಿನಿಂದ. ಸಪೋರ್ಟ್, ಟೆಸ್ಟಿಂಗ್, ಬ್ಯಾಂಕಿನ ಆಪರೇಷನ್ಸ್, ಇನ್ಶೂರೆನ್ಸ್ ಕ್ಲೈಮ್ ವಿಭಾಗ, ಇಲ್ಲಾ ಯಾವುದೋ ಕಂಪನಿಯ ಅಕೌಂಟ್ಸ್. ಸಪೋರ್ಟಿನಲ್ಲಿ ಕೂತವರಿಗೆ ಒಂದು ಅನುಕೂಲ ಇದೆ: ಸಾಫ್ಟ್‌ವೇರ್ ಎಲ್ಲಿ ಚುಚ್ಚುತ್ತದೆ ಅಂತ ದಿನಕ್ಕೆ ಇಪ್ಪತ್ತು ಸಲ ಕೇಳಿಸಿಕೊಳ್ಳುತ್ತಾರೆ.

ಒಂದು ಎಚ್ಚರ ಮಾತ್ರ ಇರಲಿ. ಟಿಕೆಟ್, ಅಂದರೆ ದಾಖಲಾದ ದೂರು, ಮುಚ್ಚುವುದರಲ್ಲೇ ಮೂರು ವರ್ಷ ಕಳೆಯಬೇಡಿ. ಒಂದೇ ದೂರು ಐದನೇ ಸಲ ಬಂದಾಗ ಅದರ ಮೂಲ ಹುಡುಕಿ ಒಂದು ಪುಟ ಬರೆಯಿರಿ. ಈಗ ಏನಾಗುತ್ತಿದೆ, ಯಾಕೆ, ಏನು ಬದಲಾದರೆ ನಿಲ್ಲುತ್ತದೆ. ಅದನ್ನು ನಿಮ್ಮ ಮೇಲಿನವರಿಗೂ ಆ ಸಾಫ್ಟ್‌ವೇರಿನ ಬಿಎಗೂ ಕಳಿಸಿ. ಇಂಥ ನಾಲ್ಕು ಪುಟ ಇದ್ದರೆ ಮುಂದಿನ ಇಂಟರ್‌ವ್ಯೂಗೆ ತೋರಿಸಲು ನಿಮ್ಮ ಕೈಯಲ್ಲಿ ನಿಜವಾದ ಬಿಎ ಕೆಲಸ ಇರುತ್ತದೆ.

ಹುಬ್ಬಳ್ಳ್ಯಾಗ ಇದ್ದುಕೊಂಡ ಆಕ್ಕತೇನ್ರೀ, ಇಲ್ಲಾ ಬೆಂಗಳೂರಿಗೇ ಹೋಗಬೇಕಾ?

ಮೊದಲ ನಾಲ್ಕೈದು ವರ್ಷ ಹೋಗುವುದೇ ಒಳ್ಳೆಯದು ಅಂತ ನನ್ನ ಅನಿಸಿಕೆ. ಈ ಕೆಲಸ ಪಕ್ಕದಲ್ಲಿ ಕೂತು ಕಲಿಯುವಂಥದ್ದು. ಹಿರಿಯ ಬಿಎ ಒಬ್ಬರು ಸಿಟ್ಟಾದ ಕ್ಲೈಂಟ್ ಜೊತೆ ಹೇಗೆ ಮಾತಾಡುತ್ತಾರೆ, ಯಾವಾಗ ಸುಮ್ಮನಿರುತ್ತಾರೆ ಅನ್ನೋದನ್ನು ಯಾವ ವಿಡಿಯೋ ಕೂಡ ಕಲಿಸುವುದಿಲ್ಲ.

ಹುಬ್ಬಳ್ಳಿಯಲ್ಲಿ ಐಟಿ ಕೆಲಸ ಇಲ್ಲ ಅಂತಲ್ಲ. ಇನ್ಫೋಸಿಸ್ ಕ್ಯಾಂಪಸ್ ಇದೆ, ಐಟಿ ಪಾರ್ಕ್ ಇದೆ, ದೇಶಪಾಂಡೆ ಫೌಂಡೇಶನ್ ನೆರವಿನಿಂದ ಬೆಳೆದ ಸ್ಟಾರ್ಟಪ್‌ಗಳಿವೆ. ಸಣ್ಣ ಕಂಪನಿಯಲ್ಲಿ ಬಿಎ ಅಂತ ಹುದ್ದೆಯೇ ಇರುವುದಿಲ್ಲ, ಆ ಕೆಲಸ ಮಾತ್ರ ಯಾರಾದರೂ ಮಾಡಲೇಬೇಕು. ಕೇಳಿ ತಗೊಂಡರೆ ಎರಡು ವರ್ಷದಲ್ಲಿ ದೊಡ್ಡ ಕಂಪನಿಯ ನಾಲ್ಕು ವರ್ಷದ ಅನುಭವ ಆಗುತ್ತದೆ. ಮನೆಯಲ್ಲಿ ವಯಸ್ಸಾದವರು ಇದ್ದು ಊರು ಬಿಡಲು ಆಗದವರಿಗೆ ನಾನು ಈ ದಾರಿಯನ್ನೇ ಹೇಳುತ್ತೇನೆ.

## ಕೆಲಸಕ್ಕೆ ಸೇರಿದ ಮೇಲೆ

ತಾಂತ್ರಿಕ ವಿಷಯ ಎಷ್ಟು ಕಲಿತರೆ ಸಾಕು? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ನಾಲ್ಕು ವಿಷಯ ಸಾಕು, ಆದರೆ ಅವು ಗಟ್ಟಿ ಇರಬೇಕು.

ಮೊದಲನೆಯದು ಎಕ್ಸೆಲ್. ಪಿವೊಟ್ ಟೇಬಲ್, ಲುಕಪ್ ಕಣ್ಣು ಮುಚ್ಚಿ ಬರಬೇಕು.

ಎರಡನೆಯದು ಎಸ್‌ಕ್ಯೂಎಲ್, ಡೇಟಾಬೇಸಿನಿಂದ ಮಾಹಿತಿ ಕೇಳಿ ತೆಗೆಯುವ ಭಾಷೆ. ಹೆಸರು ಕೇಳಿ ಅಂಜಬೇಡಿ. ಲಾಟುಗಳ ಒಂದು ಟೇಬಲ್ ಇದೆ, ದಲಾಲರ ಒಂದು ಟೇಬಲ್ ಇದೆ ಅಂದುಕೊಳ್ಳಿ. ಯಾವ ಕಾಲಂ ಬೇಕು ಅಂತ ಹೇಳುವುದು ಸೆಲೆಕ್ಟ್. ಡಬ್ಬಿ ತಳಿಯ ಮೆಣಸಿನಕಾಯಿ ಮಾತ್ರ ತೋರಿಸು ಅನ್ನೋದು ವೇರ್. ಒಬ್ಬೊಬ್ಬ ದಲಾಲರಿಗೆ ಎಷ್ಟು ಚೀಲ ಬಂತು ಅಂತ ಗುಂಪು ಮಾಡುವುದು ಗ್ರೂಪ್ ಬೈ. ಎರಡು ಟೇಬಲ್ ಸೇರಿಸಿ ನೋಡುವುದು ಜಾಯಿನ್. ದಿನಾ ಒಂದು ತಾಸು ಕೂತರೆ ಒಂದೂವರೆ ತಿಂಗಳಲ್ಲಿ ಬರುತ್ತದೆ. ಇದು ಬಂದ ಮೇಲೆ "ಡೇಟಾ ತೆಗೆದುಕೊಡಿ" ಅಂತ ಡೆವಲಪರ್ ಹಿಂದೆ ತಿರುಗುವುದು ತಪ್ಪುತ್ತದೆ. ಅದಕ್ಕಿಂತ ಹೆಚ್ಚಾಗಿ, ಕ್ಲೈಂಟ್ "ಹೀಗೆ ಎಂದೂ ಆಗಲ್ಲ" ಅಂದಾಗ, ಹಾಗೆ 312 ಸಲ ಆಗಿದೆ ಅಂತ ನೀವೇ ನೋಡಿ ಹೇಳಬಹುದು.

ಮೂರನೆಯದು ಎಪಿಐ ಅಂದರೆ ಏನು ಅನ್ನುವ ತಿಳಿವಳಿಕೆ. ಎರಡು ಸಾಫ್ಟ್‌ವೇರ್ ಒಂದಕ್ಕೊಂದು ಹೇಗೆ ಕೇಳುತ್ತವೆ, ಉತ್ತರ ಬಾರದಿದ್ದರೆ ಏನಾಗಬೇಕು. ಪೋಸ್ಟ್‌ಮ್ಯಾನ್ ಅನ್ನುವ ಟೂಲ್ ತೆರೆದು ಒಂದೆರಡು ಸಲ ನೀವೇ ಕಳಿಸಿ ನೋಡಿ.

ನಾಲ್ಕನೆಯದು ಚಿತ್ರ ಬರೆಯುವುದು. ಬಾಣ ಮತ್ತು ಚೌಕದ ಪ್ರೋಸೆಸ್ ಫ್ಲೋ. ವಿಸಿಯೋ ಸಾಫ್ಟ್‌ವೇರ್ ಇಲ್ಲದಿದ್ದರೆ ಬಿಳಿ ಹಾಳೆ ಸಾಕು.

ಜಾವಾ, ಪೈಥಾನ್ ಆಸಕ್ತಿ ಇದ್ದರೆ ಕಲಿಯಿರಿ. ಅವು ಬಾರದ್ದಕ್ಕೆ ಬಿಎ ಬಡ್ತಿ ನಿಂತದ್ದನ್ನು ನಾನು ನೋಡಿಲ್ಲ.

ಡೆವಲಪರ್‌ಗಳು ನನ್ನನ್ನು ಲೆಕ್ಕಕ್ಕೇ ತಗೊಳ್ಳಲ್ಲ. "ನಿಮಗೆ ಟೆಕ್ನಿಕಲ್ ಗೊತ್ತಿಲ್ಲ ಬಿಡಿ" ಅಂತಾರೆ.

ಇದು ನೋವು ಕೊಡುವ ಮಾತು, ಗೊತ್ತು. ನನ್ನದೇ ಒಂದು ತಪ್ಪು ಹೇಳುತ್ತೇನೆ. ಅಮೆರಿಕದ ಒಂದು ಕಂಪನಿಗೆ ಹಣ ಪಾವತಿಯ ದಿನದ ವರದಿ ಮಾಡಬೇಕಿತ್ತು. "ದಿನದ ಕೊನೆಯಲ್ಲಿ ವರದಿ ತಯಾರಾಗಬೇಕು" ಅಂತ ಬರೆದೆ. ಆ ವಾಕ್ಯ ಎಲ್ಲರೂ ಓದಿದರು, ಎಲ್ಲರೂ ಒಪ್ಪಿದರು. ಕ್ಲೈಂಟ್ ಮನಸ್ಸಿನಲ್ಲಿ ದಿನದ ಕೊನೆ ಅಂದರೆ ನ್ಯೂಯಾರ್ಕಿನ ಸಂಜೆ ಐದು. ನಮ್ಮ ಡೆವಲಪರ್ ಮನಸ್ಸಿನಲ್ಲಿ ಭಾರತದ ಮಧ್ಯರಾತ್ರಿ. ಭಾರತದಲ್ಲಿ ಮಧ್ಯರಾತ್ರಿ ಆದಾಗ ಅಲ್ಲಿ ಬೇಸಿಗೆಯಲ್ಲಿ ಮಧ್ಯಾಹ್ನ ಎರಡೂವರೆ. ಆಮೇಲೆ ಬಂದ ಹಣವೆಲ್ಲ ಮರುದಿನದ ಲೆಕ್ಕಕ್ಕೆ ಹೋಯಿತು. ಒಂದು ವಾರ ಅವರ ಬ್ಯಾಂಕ್ ಲೆಕ್ಕಕ್ಕೂ ನಮ್ಮ ವರದಿಗೂ ತಾಳೆ ಬರಲಿಲ್ಲ.

ಕೋಡ್ ಸರಿ ಇತ್ತು. ನನ್ನ ವಾಕ್ಯ ತಪ್ಪಿತ್ತು. ಅಂದು ರಾತ್ರಿ ಆ ಡೆವಲಪರ್ ಪಕ್ಕದಲ್ಲೇ ಕೂತು ನನ್ನ ದಾಖಲೆಯಲ್ಲಿ ಸಮಯ, ತಾರೀಖು, ದುಡ್ಡು ಬರುವ ಪ್ರತಿ ಸಾಲು ಓದಿದೆ. ಎಲ್ಲಿಯ ಸಮಯ, ಪೈಸೆಯನ್ನು ಎಲ್ಲಿ ದುಂಡಾಗಿಸಬೇಕು, ರಜಾ ದಿನ ಬಂದರೆ ಏನು, ಎಲ್ಲ ಬರೆದೆ. ಆಮೇಲೆ ಆ ತಂಡದಲ್ಲಿ ಯಾರೂ "ನಿಮಗೆ ಗೊತ್ತಿಲ್ಲ ಬಿಡಿ" ಅನ್ನಲಿಲ್ಲ.

ಡೆವಲಪರ್‌ಗಳಿಗೆ ಸಿಟ್ಟು ಬರುವುದು ನಿಮಗೆ ಕೋಡ್ ಬರಲ್ಲ ಅಂತಲ್ಲ. ಅರ್ಧಂಬರ್ಧ ಬರೆದು ಕೊಟ್ಟು, ಕಟ್ಟಿದ ಮೇಲೆ "ಇದಲ್ಲ" ಅಂದಾಗ. ಬರೆದದ್ದನ್ನು ಎಲ್ಲರಿಗೂ ಕಳಿಸುವ ಮುಂಚೆ ಒಬ್ಬ ಡೆವಲಪರ್, ಒಬ್ಬ ಟೆಸ್ಟರ್ ಜೊತೆ ಕಾಲು ಗಂಟೆ ಓದಿ. "ಇದರಲ್ಲಿ ನಿಮಗೆ ಏನು ಗೊತ್ತಾಗಲಿಲ್ಲ?" ಅಂತ ಕೇಳಿ.

ಮೂರು ವರ್ಷದಿಂದ ಯೂಸರ್ ಸ್ಟೋರಿ ಬರೆಯೋದೇ ಆಯ್ತು. ನಾನು ಬರೀ ಗುಮಾಸ್ತನಾ ಅನಿಸ್ತದೆ.

ಈ ಪ್ರಶ್ನೆ ಬಂದಾಗಲೆಲ್ಲ ನನಗೆ ಸಂತೋಷವಾಗುತ್ತದೆ. ಕೇಳಿದವರು ಬೆಳೆಯುವ ಜಾಗಕ್ಕೆ ಬಂದಿದ್ದಾರೆ ಅಂತ ಅರ್ಥ.

ಕ್ಲೈಂಟ್ ಹೇಳಿದ್ದನ್ನು ಬರೆದುಕೊಡುವುದು ಒಂದು ಹಂತ. ಮುಂದಿನ ಹಂತ, ಹೇಳಿದ್ದು ಬೇಕಾ ಅಂತ ಕೇಳುವುದು. "ಈ ವರದಿಗೆ ಇನ್ನೊಂದು ಕಾಲಂ ಹಾಕಿ" ಅಂದರು ಅಂತಿಟ್ಟುಕೊಳ್ಳಿ. ಆ ವರದಿ ಯಾರು ನೋಡುತ್ತಾರೆ, ನೋಡಿ ಏನು ಮಾಡುತ್ತಾರೆ ಅಂತ ವಿಚಾರಿಸಿ. ನಾನು ಒಮ್ಮೆ ಹೀಗೆ ಬೆನ್ನು ಹತ್ತಿ ಹೋದೆ. ಆ ವರದಿಯನ್ನು ಒಬ್ಬರು ದಿನಾ ಪ್ರಿಂಟ್ ತೆಗೆದು, ಕೈಯಿಂದ ಇನ್ನೊಂದು ಸಾಫ್ಟ್‌ವೇರಿಗೆ ಏರಿಸುತ್ತಿದ್ದರು. ಬೇಕಾಗಿದ್ದದ್ದು ಕಾಲಂ ಅಲ್ಲ, ಆ ಎರಡು ಸಾಫ್ಟ್‌ವೇರ್ ನಡುವೆ ಒಂದು ಕೊಂಡಿ. ಅದನ್ನು ಲೆಕ್ಕ ಸಮೇತ ಒಂದು ಪುಟದಲ್ಲಿ ಬರೆದು ಕೊಟ್ಟೆ. ಇಂಥದ್ದು ವರ್ಷಕ್ಕೆ ಎರಡು ಮಾಡಿದರೂ ನಿಮ್ಮನ್ನು ಕರೆಯುವ ಮೀಟಿಂಗ್‌ಗಳೇ ಬೇರೆಯಾಗುತ್ತವೆ.

ಬ್ಯಾಂಕಿಂಗ್, ಹೆಲ್ತ್‌ಕೇರ್, ರಿಟೇಲ್... ಯಾವ ಡೊಮೇನ್ ಹಿಡೀಲಿ?

ನನ್ನ ಹದಿನಾರು ವರ್ಷದಲ್ಲಿ ನಾನು ಕಂಡದ್ದು ಇಷ್ಟು: ಕೋಡಿಂಗ್ ಬಾರದ ಬಿಎ ಮೇಲೆ ಏರುವುದು ಡೊಮೇನಿನ ಬಲದಿಂದ, ಅಂದರೆ ಒಂದು ವ್ಯಾಪಾರ ಕ್ಷೇತ್ರದ ಆಳವಾದ ತಿಳಿವಳಿಕೆಯಿಂದ. ಎಂಟು ವರ್ಷದಲ್ಲಿ ಐದು ಡೊಮೇನ್ ಮುಟ್ಟಿದವರು ಎಲ್ಲ ಕಡೆ ಹೊಸಬರಾಗಿಯೇ ಉಳಿಯುತ್ತಾರೆ.

ಯಾವುದು ಅಂತ ಆರಿಸುವಾಗ ನಿಯಮ ಜಾಸ್ತಿ ಇರುವ ಕ್ಷೇತ್ರ ನೋಡಿ. ಬ್ಯಾಂಕಿಂಗ್‌ನಲ್ಲಿ ರಿಸರ್ವ್ ಬ್ಯಾಂಕ್ ಸುತ್ತೋಲೆಗಳು, ಇನ್ಶೂರೆನ್ಸ್‌ನಲ್ಲಿ ವಿಮಾ ನಿಯಂತ್ರಕ ಐಆರ್‌ಡಿಎಐ ನಿಯಮಗಳು, ಅಮೆರಿಕದ ಹೆಲ್ತ್‌ಕೇರ್‌ನಲ್ಲಿ ರೋಗಿಗಳ ಮಾಹಿತಿ ಕಾಪಾಡುವ 1996ರ ಹಿಪಾ ಕಾನೂನು, ಕಾಯಿಲೆಗಳಿಗೆ ಐಸಿಡಿ ಕೋಡ್, ಕ್ಲೈಮಿಗೆ 837, ಅದರ ಪಾವತಿ ವಿವರಕ್ಕೆ 835 ಅನ್ನುವ ಫೈಲ್ ಮಾದರಿಗಳು. ನಮ್ಮಲ್ಲೇ ಬಂದ 2023ರ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣಾ ಕಾಯ್ದೆ. ನಿಯಮ ಬದಲಾದಾಗಲೆಲ್ಲ ಸಾಫ್ಟ್‌ವೇರ್ ಬದಲಾಗಬೇಕು. ಆಗ ನಿಯಮವನ್ನು ಓದಿ ಸಾಫ್ಟ್‌ವೇರ್ ಭಾಷೆಗೆ ಇಳಿಸುವವರು ಬೇಕೇ ಬೇಕು.

ಇನ್ನೊಂದು ಮಾತು. ನಮ್ಮ ಕಡೆಯ ಮಕ್ಕಳು ಮನೆಯಲ್ಲೇ ಒಂದು ಡೊಮೇನ್ ಇಟ್ಟುಕೊಂಡು ಬೇರೆ ಕಡೆ ಹುಡುಕುತ್ತಾರೆ. ಅಪ್ಪ ಎಪಿಎಂಸಿಯಲ್ಲಿ ದಲಾಲಿ ಅಂಗಡಿ ನಡೆಸುತ್ತಾರೆ. ಕಾಕಾ ಲಾರಿ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಬುಕಿಂಗ್ ನೋಡುತ್ತಾರೆ. ಅತ್ತಿ ಗದಗಿನ ಸಹಕಾರಿ ಬ್ಯಾಂಕಿನಲ್ಲಿ ಕ್ಯಾಶಿಯರ್. ಕೃಷಿ ವ್ಯಾಪಾರ, ಲಾಜಿಸ್ಟಿಕ್ಸ್, ಸಾಲ ವಸೂಲಿ, ಇವೆಲ್ಲ ದೊಡ್ಡ ಡೊಮೇನ್‌ಗಳು. ಒಂದು ರವಿವಾರ ಕಾಕಾನ ಆಫೀಸಿಗೆ ಹೋಗಿ ಕೂತುಕೊಳ್ಳಿ. ಬಿಲ್ಟಿ (ಸರಕು ಸಾಗಣೆಯ ರಸೀದಿ) ಹೇಗೆ ಹರಿಯುತ್ತಾರೆ, ಒಂದು ಬಾಕ್ಸ್ ಕಳೆದರೆ ಯಾರಿಗೆ ಫೋನ್ ಹೋಗುತ್ತದೆ, ಬಾಡಿಗೆ ಬಾಕಿ ಎಲ್ಲಿ ಬರೆದಿಡುತ್ತಾರೆ ನೋಡಿ. ಸಪ್ಲೈ ಚೈನ್ ಪುಸ್ತಕ ಆಮೇಲೆ ಓದಿ, ಆಗ ಅರ್ಥವಾಗುವ ರೀತಿಯೇ ಬೇರೆ.

ಸರ್ಟಿಫಿಕೇಟ್ ಮಾಡಬೇಕಾ? ದುಡ್ಡು ಜಾಸ್ತಿ ಅಂತಾರ.

ಬಿಎಗಳ ಅಂತರರಾಷ್ಟ್ರೀಯ ಸಂಸ್ಥೆ ಐಐಬಿಎ ಕೊಡುವ ಮೂರು ಮೆಟ್ಟಿಲಿನ ಸರ್ಟಿಫಿಕೇಟ್‌ಗಳು ಹೆಚ್ಚು ಹೆಸರಾದವು. ಇಸಿಬಿಎಗೆ ಅನುಭವ ಬೇಡ. ಸಿಸಿಬಿಎಗೆ ಕಳೆದ 7 ವರ್ಷದಲ್ಲಿ 3,750 ಗಂಟೆ ಬಿಎ ಕೆಲಸ ಆಗಿರಬೇಕು. ಸಿಬಿಎಪಿಗೆ ಕಳೆದ 10 ವರ್ಷದಲ್ಲಿ 7,500 ಗಂಟೆ. ಮೂರಕ್ಕೂ ಆಧಾರ ಬಾಬೋಕ್ ಕೈಪಿಡಿ, ಅದರ ಮೂರನೇ ಆವೃತ್ತಿ 2015ರಲ್ಲಿ ಬಂತು.

ಹೊಸಬರು ಸಾಲ ಮಾಡಿ ಸರ್ಟಿಫಿಕೇಟ್ ಮಾಡುವುದು ಬೇಡ. ಆ ಕೈಪಿಡಿ ಓದಿ, ಸಾಕು. ಐದಾರು ವರ್ಷ ಆದ ಮೇಲೆ ಸಿಬಿಎಪಿ ಮಾಡಿದರೆ ಉಪಯೋಗ ಇದೆ, ಅದರಲ್ಲೂ ಕಂಪನಿ ಬದಲಿಸುವಾಗ. ಎಷ್ಟೋ ಕಂಪನಿಗಳು ಪರೀಕ್ಷೆಯ ಶುಲ್ಕ ವಾಪಸ್ ಕೊಡುತ್ತವೆ, ಎಚ್‌ಆರ್‌ಗೆ ಮೊದಲು ಕೇಳಿ. ಗಂಟೆಗಳ ಲೆಕ್ಕವನ್ನು ಮಾತ್ರ ಇವತ್ತಿನಿಂದಲೇ ಬರೆದಿಡಿ. ಏಳು ವರ್ಷದ ಹಿಂದೆ ಯಾವ ಪ್ರಾಜೆಕ್ಟಿನಲ್ಲಿ ಏನು ಮಾಡಿದ್ದೆ ಅಂತ ನೆನಪಿಸಿಕೊಳ್ಳಲು ನಾನು ಒಂದು ತಿಂಗಳು ಒದ್ದಾಡಿದೆ.

## ಐದು ವರ್ಷ ದಾಟಿದವರಿಗೆ

ಸೀನಿಯರ್ ಬಿಎ ಆಗಿ ಎರಡು ವರ್ಷ ಆಯ್ತು. ಇದರ ಮುಂದೆ ಮೆಟ್ಟಿಲೇ ಕಾಣಿಸ್ತಿಲ್ಲ. ಏನು ಮಾಡಲಿ?

ಇಲ್ಲಿಂದ ದಾರಿ ಕವಲೊಡೆಯುತ್ತದೆ. ಯಾವುದೂ ಮೇಲಲ್ಲ, ಕೀಳಲ್ಲ. ನಿಮಗೆ ಯಾವುದರಲ್ಲಿ ನಿದ್ದೆ ಚೆನ್ನಾಗಿ ಬರುತ್ತದೆ ಅನ್ನೋದನ್ನು ನೋಡಿ ಆರಿಸಿ.

ಪ್ರಾಡಕ್ಟ್ ದಾರಿ ಒಂದು. ಪ್ರಾಡಕ್ಟ್ ಓನರ್, ಆಮೇಲೆ ಪ್ರಾಡಕ್ಟ್ ಮ್ಯಾನೇಜರ್. ಇಲ್ಲಿ ಬರೆಯುವುದು ಕಡಿಮೆ, ನಿರ್ಧರಿಸುವುದು ಜಾಸ್ತಿ. ಹತ್ತು ಕೆಲಸದಲ್ಲಿ ಎಂಟಕ್ಕೆ "ಈಗ ಬೇಡ" ಅನ್ನಬೇಕು, ತಪ್ಪಾದರೆ ಹೊಣೆ ನಿಮ್ಮದು. ಎಂಬಿಎಯಲ್ಲಿ ಓದಿದ ಮಾರ್ಕೆಟಿಂಗ್, ಬೆಲೆ ನಿಗದಿ ಇಲ್ಲಿ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಸೇವಾ ಕಂಪನಿಯಿಂದ ಪ್ರಾಡಕ್ಟ್ ಕಂಪನಿಗೆ ಜಿಗಿಯುವುದು ಮಾತ್ರ ಕಷ್ಟ. ಮೊದಲು ಇದ್ದಲ್ಲೇ ಒಂದು ಸಣ್ಣ ಮಾಡ್ಯೂಲಿನ ಓನರ್ ಆಗಿ ಕೆಲಸ ಕೇಳಿ ಪಡೆಯಿರಿ.

ಪ್ರಾಜೆಕ್ಟ್ ಮತ್ತು ಡೆಲಿವರಿ ದಾರಿ ಇನ್ನೊಂದು. ಜನ, ವೇಳೆ, ಬಜೆಟ್ ನೋಡಿಕೊಳ್ಳುವುದು. ಮನೆಯಲ್ಲಿ ಮದುವೆ ಕೆಲಸ ಹಂಚಿ, ಎಲ್ಲರಿಗೂ ಫೋನ್ ಹಚ್ಚಿ, ಸಾಮಾನು ಪಟ್ಟಿ ಹಿಡಿದು ಓಡಾಡುವವರು ನೀವೇ ಆದರೆ ಈ ದಾರಿ ಹಿಡಿಸುತ್ತದೆ.

ಮೂರನೆಯದು ಡೊಮೇನ್ ಕನ್ಸಲ್ಟಂಟ್. ಕಂಪನಿಗಳ ಲೆಕ್ಕ, ಖರೀದಿ ಎಲ್ಲ ನಡೆಸುವ ಎಸ್‌ಎಪಿ ಸಾಫ್ಟ್‌ವೇರಿನ ಫಂಕ್ಷನಲ್ ಕನ್ಸಲ್ಟಂಟ್ ಕೂಡ ಇದೇ ಜಾತಿ. ಹಣಕಾಸಿಗೆ ಫೈಕೋ, ಖರೀದಿ ಮತ್ತು ದಾಸ್ತಾನಿಗೆ ಎಂಎಂ ಅಂತ ಮಾಡ್ಯೂಲ್‌ಗಳಿವೆ. ಕಾಮರ್ಸ್ ಓದಿದವರಿಗೆ ಫೈಕೋ ಅಂದರೆ ತವರುಮನೆ ಇದ್ದ ಹಾಗೆ. ಯಾರ ಮ್ಯಾನೇಜರೂ ಆಗದೆ ಹಿರಿಯ ಹುದ್ದೆಗೆ ಏರಬಹುದು. ನಾನು ಹಿಡಿದದ್ದು ಇದೇ ದಾರಿ. ನನಗೆ ಜನರನ್ನು ಅಪ್ರೈಸಲ್ ಮಾಡುವುದಕ್ಕಿಂತ ಒಂದು ಸುತ್ತೋಲೆಯನ್ನು ಮೂರು ಸಲ ಓದುವುದು ಇಷ್ಟ.

ಪ್ರೀ-ಸೇಲ್ಸ್ ಅಂತಲೂ ಒಂದಿದೆ, ಒಪ್ಪಂದ ಆಗುವ ಮುಂಚೆ ಕ್ಲೈಂಟ್‌ಗೆ ನಾವು ಏನು ಮಾಡಿಕೊಡಬಲ್ಲೆವು ಅಂತ ತೋರಿಸುವ ಕೆಲಸ. ಮಾತು ಚೆನ್ನಾಗಿದ್ದು, ಹೊಸ ಕ್ಲೈಂಟ್ ಮುಂದೆ ನಿಲ್ಲುವ ಹುರುಪು ಇದ್ದವರು ಯೋಚಿಸಬಹುದು.

ಅಜೈಲ್ ಬಂದಮೇಲೆ ಬಿಎ ಹುದ್ದೆನೇ ಇಲ್ಲ ಅಂತಾರ. ಖರೇನಾ?

ಅಜೈಲ್ ಅಂದರೆ ಸಾಫ್ಟ್‌ವೇರನ್ನು ಸಣ್ಣ ಸಣ್ಣ ಕಂತಿನಲ್ಲಿ ಕಟ್ಟುತ್ತಾ ಹೋಗುವ ರೀತಿ, ಸ್ಕ್ರಮ್ ಅದರ ಒಂದು ಪದ್ಧತಿ. 2020ರ ಸ್ಕ್ರಮ್ ಗೈಡ್ ತೆರೆದು ನೋಡಿದರೆ ಅದರಲ್ಲಿ ಮೂರೇ ಹೊಣೆಗಾರಿಕೆ ಇವೆ: ಪ್ರಾಡಕ್ಟ್ ಓನರ್, ಸ್ಕ್ರಮ್ ಮಾಸ್ಟರ್, ಡೆವಲಪರ್ಸ್. ಬಿಎ ಅನ್ನುವ ಹೆಸರಿಲ್ಲ. ಆ ಮಟ್ಟಿಗೆ ಖರೆ. ಆದರೆ ಬ್ಯಾಂಕು, ಇನ್ಶೂರೆನ್ಸಿನಂಥ ದೊಡ್ಡ ಕಡೆ ಪ್ರಾಡಕ್ಟ್ ಓನರ್ ಅಂತ ಕೂರಿಸುವುದು ವ್ಯಾಪಾರದ ಕಡೆಯ ಹಿರಿಯರನ್ನು. ಅವರಿಗೆ ವಾರಕ್ಕೆ ಎರಡು ತಾಸೂ ಬಿಡುವು ಇರುವುದಿಲ್ಲ. ಉಳಿದ ಕೆಲಸ ಮಾಡುವವರು ಬಿಎಗಳೇ. ಹುದ್ದೆಯ ಹೆಸರು ಬದಲಾಗಬಹುದು, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಇನ್ನೂರು ಪುಟದ ದಾಖಲೆ ಬರೆದು ಕೊಟ್ಟು ಕೈ ತೊಳೆದುಕೊಳ್ಳುವ ಬಿಎಗೆ ಮಾತ್ರ ಈಗ ಜಾಗ ಕಡಿಮೆ.

ಯೂಸರ್ ಸ್ಟೋರಿ ಈಗ ಎಐನೇ ಬರೀತದೆ. ನಮ್ಮ ಗತಿ ಏನು?

ಬರೆಯುತ್ತದೆ, ಚೆನ್ನಾಗಿಯೇ ಬರೆಯುತ್ತದೆ. ನಾನೂ ಬಳಸುತ್ತೇನೆ. ಮೀಟಿಂಗ್ ಟಿಪ್ಪಣಿಯಿಂದ ಮೊದಲ ಕರಡು, ಟೆಸ್ಟ್ ಕೇಸ್‌ಗಳ ಪಟ್ಟಿ, ಇಂಗ್ಲಿಷ್ ತಿದ್ದುವುದು, ಇದಕ್ಕೆಲ್ಲ ಹಿಡಿಯುತ್ತಿದ್ದ ಅರ್ಧ ದಿನ ಈಗ ಅರ್ಧ ಗಂಟೆ. ಬರೀ ಬರೆಯುವುದನ್ನೇ ಕೆಲಸ ಅಂದುಕೊಂಡವರಿಗೆ ಇದು ಕಷ್ಟದ ಕಾಲ, ಅದನ್ನು ಮುಚ್ಚಿಡಲ್ಲ.

ಆದರೆ ಎಐ ಬರೆಯುವುದು ನೀವು ಹೇಳಿದ್ದರ ಮೇಲೆ. ಮೀಟಿಂಗಿನಲ್ಲಿ ಮೂಲೆಯಲ್ಲಿ ಕೂತ ಹಿರಿಯ ಗುಮಾಸ್ತರು ಒಂದು ಮಾತೂ ಆಡಲಿಲ್ಲ ಅನ್ನೋದು ಟಿಪ್ಪಣಿಯಲ್ಲಿ ಇರುವುದಿಲ್ಲ. ಚಹಾ ಕುಡಿಯುವಾಗ ಅವರನ್ನು ಮಾತಾಡಿಸಿದರೆ "ಮೇಡಂ, ಅವರು ಹೇಳಿದ ಹಾಗೆ ನಾವು ಮಾಡೋದೇ ಇಲ್ಲ, ತಿಂಗಳ ಕೊನೆಗೆ ಬೇರೆ ರಿಜಿಸ್ಟರ್ ಇಡ್ತೀವಿ" ಅನ್ನುತ್ತಾರೆ. ನನಗೆ ಸಿಕ್ಕ ಅತಿ ಮುಖ್ಯ ರಿಕ್ವೈರ್‌ಮೆಂಟ್‌ಗಳಲ್ಲಿ ಎಷ್ಟೋ ಹೀಗೆ ಸಿಕ್ಕವು. ಕ್ಲೈಂಟ್‌ನ ಗುಟ್ಟಿನ ದಾಖಲೆಗಳನ್ನು ಕಂಪನಿ ಒಪ್ಪದ ಎಐಗೆ ಹಾಕಬೇಡಿ, ಕೆಲಸಕ್ಕೇ ಕುತ್ತು ಬರುತ್ತದೆ.

ಕೆಲಸ ಚೆನ್ನಾಗಿ ಮಾಡ್ತೀನಿ, ಆದ್ರೂ ಬಡ್ತಿ ಬೇರೆಯವರಿಗೆ ಹೋಗ್ತದೆ. ಕೇಳೋಕೆ ಸಂಕೋಚ.

ನಮ್ಮ ಕಡೆ ತನ್ನ ಕೆಲಸ ತಾನೇ ಹೇಳಿಕೊಳ್ಳುವುದು ತಪ್ಪು ಅಂತ ಬೆಳೆಸಿರುತ್ತಾರೆ. ಬಿಎ ಕೆಲಸದಲ್ಲಿ ಅದು ದುಬಾರಿ. ಡೆವಲಪರ್ ಕಟ್ಟಿದ್ದು ಪರದೆ ಮೇಲೆ ಕಾಣುತ್ತದೆ. ನೀವು ತಪ್ಪಿಸಿದ ತಪ್ಪು ಯಾರಿಗೂ ಕಾಣುವುದಿಲ್ಲ.

ಒಂದು ನೋಟ್‌ಬುಕ್ ಇಡಿ. ಪ್ರತಿ ಶುಕ್ರವಾರ ಮೂರು ಸಾಲು. ಈ ವಾರ ಯಾವ ನಿರ್ಧಾರ ನನ್ನಿಂದ ಆಯಿತು, ಅದರಿಂದ ಏನು ಉಳಿಯಿತು, ಅದಕ್ಕೆ ಸಾಕ್ಷಿ ಯಾವ ಮೇಲ್. "ಸಾಲದ ಅರ್ಜಿಯಲ್ಲಿ 42 ಖಾನೆ ಇದ್ದವು, 17ಕ್ಕೆ ಇಳಿಸಿದೆ" ಅನ್ನುವ ಒಂದು ಸಾಲು "ನಾನು ಕಷ್ಟಪಟ್ಟು ಕೆಲಸ ಮಾಡುತ್ತೇನೆ" ಅನ್ನುವ ಹತ್ತು ಸಾಲಿಗಿಂತ ಭಾರ. ಅಪ್ರೈಸಲ್ ತಿಂಗಳಲ್ಲಿ ಕೇಳಬೇಡಿ, ಆಗ ನಿರ್ಧಾರ ಆಗಿಬಿಟ್ಟಿರುತ್ತದೆ. ಆರು ತಿಂಗಳು ಮುಂಚೆ ಮ್ಯಾನೇಜರ್ ಜೊತೆ ಕೂತು "ಮುಂದಿನ ಹುದ್ದೆಗೆ ನನ್ನಲ್ಲಿ ಏನು ಕಡಿಮೆ ಇದೆ, ಬರೆದು ಕೊಡಿ" ಅನ್ನಿ. ಎರಡು ವರ್ಷ ಕೇಳಿಯೂ ಬರೆದು ಕೊಡದಿದ್ದರೆ ಬೇರೆ ಕಂಪನಿ ನೋಡುವ ಹೊತ್ತು ಬಂದಿದೆ.

ಮಗ ಹುಟ್ಟಿದಮ್ಯಾಲೆ ನಾಲ್ಕು ವರ್ಷ ಕೆಲಸ ಬಿಟ್ಟಿದ್ದೆ ಅಕ್ಕಾ. ಈಗ ಯಾರು ತಗೋತಾರ?

ತಂಗಿ, ತಗೋತಾರೆ. ಬಿಎಗೆ ಒಂದು ಪುಣ್ಯ ಇದೆ. ಟೂಲ್‌ಗಳು ಬದಲಾಗುತ್ತವೆ, ಸಾಲ ಹೇಗೆ ಕೊಡುತ್ತಾರೆ, ಕ್ಲೈಮ್ ಹೇಗೆ ಪಾಸಾಗುತ್ತದೆ ಅನ್ನುವ ಮೂಲ ಅಷ್ಟು ಬೇಗ ಬದಲಾಗುವುದಿಲ್ಲ. ಮೂರು ತಿಂಗಳು ತಗೊಳ್ಳಿ. ನಿಮ್ಮ ಹಳೆಯ ಡೊಮೇನಿನಲ್ಲಿ ಈ ನಾಲ್ಕು ವರ್ಷ ಏನು ಬದಲಾಯಿತು ಅಂತ ಓದಿ, ಎರಡು ಪುಟ ಬರೆಯಿರಿ. ತಂಡದ ಕೆಲಸಗಳ ಪಟ್ಟಿ ಇಡುವ ಜಿರಾ ಟೂಲ್, ಎಸ್‌ಕ್ಯೂಎಲ್ ಮತ್ತೆ ಕೈಗೆ ಹತ್ತಿಸಿಕೊಳ್ಳಿ. ದೊಡ್ಡ ಕಂಪನಿಗಳಲ್ಲಿ ಬಿಡುವು ತಗೊಂಡ ಹೆಣ್ಣುಮಕ್ಕಳಿಗಾಗಿಯೇ ರಿಟರ್ನ್‌ಶಿಪ್ ಯೋಜನೆಗಳಿವೆ, ಅವನ್ನು ಮೊದಲು ನೋಡಿ. ರೆಸ್ಯೂಮೆಯಲ್ಲಿ ಆ ನಾಲ್ಕು ವರ್ಷ ಮುಚ್ಚಿಡಬೇಡಿ. "ಮಗುವಿನ ಆರೈಕೆ" ಅಂತ ಒಂದೇ ಸಾಲು ನೇರ ಬರೆಯಿರಿ.

ನಲವತ್ತು ಸಮೀಪಿಸಿತು. ಊರಿಗೆ ಬಂದು ಇಲ್ಲಿಯ ವ್ಯಾಪಾರಸ್ಥರಿಗೆ ಸಲಹೆ ಕೊಡುವ ಕೆಲಸ ಮಾಡಬಹುದಾ?

ಮಾಡಬಹುದು, ಬೇಡಿಕೆ ಇದೆ. 2023ರ ಆಗಸ್ಟ್ 1ರಿಂದ ವರ್ಷಕ್ಕೆ 5 ಕೋಟಿ ದಾಟಿದ ವ್ಯಾಪಾರಕ್ಕೆ ಜಿಎಸ್‌ಟಿ ಇ-ಇನ್‌ವಾಯ್ಸ್ ಕಡ್ಡಾಯ ಆಯಿತು. ಹುಬ್ಬಳ್ಳಿಯ ಎಷ್ಟೋ ಸಗಟು ಅಂಗಡಿಗಳು ಅದರೊಳಗೆ ಬರುತ್ತವೆ. ಯಾರೋ ಮಾರಿದ ಸಾಫ್ಟ್‌ವೇರ್ ತಗೊಂಡಿದ್ದಾರೆ, ಅರ್ಧ ಬಳಸುತ್ತಾರೆ, ಉಳಿದ ಅರ್ಧ ಕೆಂಪು ಬಟ್ಟೆಯ ಖಾತೆ ಪುಸ್ತಕದಲ್ಲೇ ಇದೆ.

ಆದರೆ ಇಲ್ಲಿ ಬೆಂಗಳೂರಿನ ರೀತಿ ನಡೆಯುವುದಿಲ್ಲ. ಸಾಹುಕಾರರು ಸ್ಲೈಡ್ ನೋಡುವುದಿಲ್ಲ. ಸಲಹೆಗೆ ದುಡ್ಡು ಕೊಡುವ ರೂಢಿ ಕಡಿಮೆ, ಕೆಲಸ ಆದರೆ ಕೊಡುತ್ತಾರೆ. ಹಾಗಾಗಿ ಒಂದು ವರ್ಷದ ಮನೆ ಖರ್ಚು ಕೈಯಲ್ಲಿ ಇಟ್ಟುಕೊಂಡೇ ಬನ್ನಿ, ಆಗದಿದ್ದರೆ ಕೆಲಸದಲ್ಲಿದ್ದುಕೊಂಡೇ ಶನಿವಾರ ಶುರು ಮಾಡಿ. ಕಂಪನಿಯ ಒಪ್ಪಂದದಲ್ಲಿ ಹೊರಗಿನ ಕೆಲಸಕ್ಕೆ ಅನುಮತಿ ಇದೆಯಾ ಅಂತ ಮೊದಲು ನೋಡಿಕೊಳ್ಳಿ.

ಮೊದಲ ಅಂಗಡಿಗೆ ಹೋದ ದಿನ ಲ್ಯಾಪ್‌ಟಾಪ್ ತೆಗೆಯಬೇಡಿ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಹೋಗಿ, ರಾತ್ರಿ ಗಲ್ಲಾ ಎಣಿಸುವ ತನಕ ಒಂದು ಸ್ಟೂಲಿನ ಮೇಲೆ ಕೂತಿರಿ. ಮುನೀಮರು ಯಾವ ಚೀಟಿಯನ್ನು ಕಿವಿಗೆ ಸಿಕ್ಕಿಸಿಕೊಳ್ಳುತ್ತಾರೆ, ಯಾವುದನ್ನು ಗಲ್ಲಾದ ಕೆಳಗೆ ಇಡುತ್ತಾರೆ, ಉದ್ರಿ ಕೇಳಿದ ಗಿರಾಕಿಗೆ ಯಾರ ಮುಖ ನೋಡಿ ಹೂಂ ಅನ್ನುತ್ತಾರೆ, ಎಲ್ಲ ಬರೆದುಕೊಳ್ಳಿ. ಮರುದಿನ ಅದನ್ನು ಒಂದೇ ಹಾಳೆಯ ಚಿತ್ರ ಮಾಡಿ, ಕನ್ನಡದಲ್ಲಿ, ಸಾಹುಕಾರರ ಮುಂದೆ ಇಡಿ. ಅವರು ಪೆನ್ನು ತಗೊಂಡು "ಇಲ್ಲಿ ತಪ್ಪಿದೆ ನೋಡ್ರಿ" ಅಂತ ತಿದ್ದಲು ಶುರು ಮಾಡಿದರೆ, ಫೀ ಮಾತು ಆಗ ತೆಗೆಯಿರಿ.